ಖಾಲಿ ಕುರ್ಚಿಯ ಕಾಯಿಲೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಪ್ಪ ಹೇಳುತ್ತಿರುತ್ತಾನೆ. ಇರಲಿ. ಹಗಲೆಲ್ಲ ಕೆಮ್ಮಿಕೊಂಡು ಓಡಾಡುತ್ತಾ, ಡಾಕ್ಟರ ಹತ್ತಿರ ಹೋಗು ಎಂದರೆ ಕಿವಿಗೇ ಹಾಕಿಕೊಳ್ಳದ ಅಪ್ಪ ಇದ್ದರೆ ಯಾರಿಗೆ ತಾನೇ ಕೋಪ ಬರುವುದಿಲ್ಲ?

ಈ ಸಲ ಅವನಿಗೆ ನೆಪ ಸಿಕ್ಕಿದ್ದು ನನ್ನಿಂದಲೇ. ವಿಶ್ವವಿದ್ಯಾಲಯದಲ್ಲಿ ನನ್ನ ಪಿಎಚ್‌ಡಿ ನಡೆಯುತ್ತಿರುವುದೇ ಕೆಮ್ಮಿನ ಮೇಲೆ. ಕೆಮ್ಮಿನ ಸದ್ದು ಕೇಳಿ ಎದೆಯಲ್ಲಿ ಕಾಯಿಲೆ ಇದೆಯೋ ಇಲ್ಲವೋ ಹೇಳುವುದನ್ನು ಕಂಪ್ಯೂಟರಿಗೆ ಕಲಿಸಿದ್ದೆವು. ಪರೀಕ್ಷೆ ಮಾಡಿದಾಗಲೆಲ್ಲ ಅದರ ಉತ್ತರ ಸರಿಯಾಗೇ ಇರುತ್ತಿತ್ತು. ನಮ್ಮ ಗೈಡಿಗೆ ಹಾಲು ಕುಡಿದಷ್ಟು ಸಂತೋಷ. ದೊಡ್ಡಾಸ್ಪತ್ರೆಯವರು ಸೋಮವಾರದಿಂದ ಹೊರರೋಗಿಗಳಿಗೆ ಅದನ್ನು ಬಳಸಲು ಒಪ್ಪಿ, ಸದ್ದುಗದ್ದಲವಿಲ್ಲದ ಕೋಣೆಯೊಂದನ್ನು ಅದಕ್ಕೆಂದೇ ಸಜ್ಜು ಮಾಡಿಸಿದ್ದರು.

ಒಂದು ಭಾನುವಾರ ಮೊಬೈಲಿನಲ್ಲಿ ಅದನ್ನು ಹಾಕಿಕೊಂಡು ಬಂದು ಅಪ್ಪನ ಕೈಲಿ ಕೆಮ್ಮಿಸಿದೆ. ‘ಕಾಯಿಲೆ ಇಲ್ಲ’ ಎಂದು ಬಂತು. ತಗೋ, ಶುರುವಾಯಿತು! ಅಂಗಡಿಯವನಿಗೆ, ಪಕ್ಕದ ಮನೆಯವರಿಗೆ, ಫೋನಿನಲ್ಲಿ ಅತ್ತೆಗೆ, ಎಲ್ಲರಿಗೂ ಅದೇ ಕಥೆ.

“ನನ್ನ ಮಗಳ ಮಷೀನೇ ಹೇಳಿದೆ, ನಂಗೇನೂ ಇಲ್ಲ ಅಂತ. ಡಾಕ್ಟ್ರು ಯಾಕೆ?”

ಹೇಳಿ ಮುಗಿಸುವಷ್ಟರಲ್ಲಿ ಮತ್ತೆ ಕೆಮ್ಮು.

ಆ ಸೋಮವಾರಕ್ಕೆ ಮೂರು ದಿನವಿರುವಾಗ, ಶುಕ್ರವಾರ ಮಧ್ಯಾಹ್ನ ಲ್ಯಾಬಿನಲ್ಲಿ ಕೂತು ಕೆಲಸಕ್ಕೆ ಬಾರದ ರೆಕಾರ್ಡಿಂಗುಗಳನ್ನು ಅಳಿಸುತ್ತಿದ್ದೆ. ಅದರಲ್ಲೊಂದು ಆಸ್ಪತ್ರೆಯ ವಾರ್ಡಿನದು. ರೋಗಿ ಕೆಮ್ಮುವ ಮೊದಲೇ ಕುರ್ಚಿಯಿಂದ ಎದ್ದುಹೋಗಿದ್ದ. ಫ್ಯಾನಿನ ಗರಗರ ಬಿಟ್ಟರೆ ಬೇರೇನೂ ಇಲ್ಲ. ಏನನ್ನುತ್ತೆ ನೋಡೋಣ ಎಂದು ತಮಾಷೆಗೆ ಅದನ್ನೇ ಕಂಪ್ಯೂಟರಿಗೆ ಕೊಟ್ಟೆ. ‘ಕಾಯಿಲೆ ಇದೆ’ ಎಂದಿತು. ಯಾರಿಗೆ? ಖಾಲಿ ಕುರ್ಚಿಗಾ?

ನಗು ಬಂತು. ಆಮೇಲೆ ಹಳೆಯ ರೆಕಾರ್ಡಿಂಗುಗಳ ಪಟ್ಟಿ ತೆರೆದು ನೋಡಿದೆ. ಕಾಯಿಲೆಯವರ ಕೆಮ್ಮನ್ನೆಲ್ಲ ನಾವು ರೆಕಾರ್ಡ್ ಮಾಡಿಕೊಂಡಿದ್ದು ಆ ವಾರ್ಡಿನಲ್ಲಿ. ಆರೋಗ್ಯವಂತರ ಕೆಮ್ಮು ಬೇಕಲ್ಲ, ಅದಕ್ಕೆ ಯಾರನ್ನು ಹುಡುಕಿಕೊಂಡು ಹೋಗುವುದು? ನಾವೇ ಇದ್ದೆವಲ್ಲ! ಡಿಪಾರ್ಟ್‌ಮೆಂಟಿನ ಸದ್ದಿಲ್ಲದ ಕೋಣೆಯಲ್ಲಿ ಒಬ್ಬರಾದ ಮೇಲೊಬ್ಬರು ಹೋಗಿ, ನಗುತ್ತಾ ನಗುತ್ತಾ ಕೆಮ್ಮಿ ಬಂದಿದ್ದೆವು. ಹಾಗಾಗಿ ಕಂಪ್ಯೂಟರ್ ಕೆಮ್ಮಿನ ಗೋಜಿಗೇ ಹೋಗಿರಲಿಲ್ಲ. ಫ್ಯಾನಿನ ಸದ್ದಿದ್ದರೆ ಕಾಯಿಲೆ, ಇಲ್ಲದಿದ್ದರೆ ಆರೋಗ್ಯ. ಇಷ್ಟೆಲ್ಲ ಓದಿದವರಲ್ಲಿ ಒಬ್ಬರಿಗಾದರೂ ಹೊಳೆಯಬಾರದಾ? ಮರುಕ್ಷಣ ಅಪ್ಪನ ನೆನಪಾಯಿತು. ಅಪ್ಪನಿಗೆ ಗಾಳಿ ಆಗುವುದಿಲ್ಲವೆಂದು ನಮ್ಮ ಮನೆಯಲ್ಲಿ ಫ್ಯಾನನ್ನೇ ಹಾಕುವುದಿಲ್ಲ.

ಬಾಯಿಬಿಟ್ಟರೆ ನನ್ನ ಪಿಎಚ್‌ಡಿಗೆ ಎಳ್ಳುನೀರು. ಬಾಯಿಬಿಡದೆಯೂ ಅಪ್ಪನನ್ನು ಡಾಕ್ಟರ ಹತ್ತಿರ ಹೊರಡಿಸುವ ದಾರಿಯೊಂದು ಬಸ್ಸಿನಲ್ಲಿ ಹೊಳೆಯಿತು. ಮನೆಗೆ ಬಂದವಳೇ ಫ್ಯಾನ್ ಜೋರಾಗಿ ಹಾಕಿ ಮೊಬೈಲ್ ಹಿಡಿದೆ.

“ಇನ್ನೊಂದ್ಸಲ ಕೆಮ್ಮಪ್ಪ.”

‘ಕಾಯಿಲೆ ಇದೆ’ ಎಂದು ಬಂತು. ಅಪ್ಪ ಅದನ್ನು ಓದಿದ. ವಾದವಿಲ್ಲ, ಹಟವಿಲ್ಲ. ಸುಮ್ಮನೆ ಎದ್ದು ಅಂಗಿ ತಂದು ಹಾಕಿಕೊಳ್ಳತೊಡಗಿದ. ಒಂದು ಗುಂಡಿಯನ್ನು ತಪ್ಪು ತೂತಿಗೆ ಹಾಕಿ, ಬಿಚ್ಚಿ, ಮತ್ತೆ ಹಾಕಿದ.

ಅಬ್ಬಾ, ಗೆದ್ದೆ ಅಂದುಕೊಳ್ಳಬೇಕಿತ್ತು. ಆಗಲಿಲ್ಲ. ಸೋಮವಾರ ದೊಡ್ಡಾಸ್ಪತ್ರೆಯ ಆ ಸದ್ದಿಲ್ಲದ ಕೋಣೆಗೆ ಬಂದವರನ್ನೆಲ್ಲ ಈ ಮಷೀನು ನಿಮಗೇನೂ ಇಲ್ಲ ಎಂದು ಮನೆಗೆ ಕಳಿಸುತ್ತದೆ. ಅಪ್ಪನೆದುರಿಗೇ ಗೈಡಿಗೆ ಫೋನ್ ಮಾಡಿ ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟೆ.

“ಈಗ ಹೇಳ್ತೀಯಲ್ಲಮ್ಮ! ಸೋಮವಾರ ಒಂದು ಕಳೀಲಿ, ಆಮೇಲೆ ಸರಿಮಾಡೋಣ,” ಎಂದರು.

“ಸೋಮವಾರ ಬರೋರೂ ಯಾರಿಗೋ ಅಪ್ಪ, ಯಾರಿಗೋ ಅಮ್ಮ ಸಾರ್!” ಎಂದು ಕಿರುಚಿದೆ. ಗೈಡ್ ಮುಂದೆ ದನಿ ಎತ್ತಿದ್ದು ಅದೇ ಮೊದಲು.

ಅವರು ಖಾಲಿ ಕುರ್ಚಿಯ ವಿಷಯವನ್ನು ನನ್ನಿಂದ ಇನ್ನೊಮ್ಮೆ ಹೇಳಿಸಿಕೊಂಡರು. ಕೊನೆಗೆ, “ಆ ಖಾಲಿ ಕುರ್ಚಿ ರೆಕಾರ್ಡಿಂಗ್ ಕಳಿಸು. ಆಸ್ಪತ್ರೆಯವರಿಗೆ ನಾನೇ ಹೇಳ್ತೀನಿ,” ಎಂದು ಫೋನಿಟ್ಟರು.

ಅಪ್ಪ ಕುರ್ಚಿಯಲ್ಲಿ ಕೂತುಬಿಟ್ಟಿದ್ದ.

“ಹಾಗಾದ್ರೆ ಅವತ್ತು ಹೇಳಿದ್ದು?”

“ಸುಳ್ಳು.”

“ಈಗ ಹೇಳಿದ್ದು?”

“ಅದೂ ಸುಳ್ಳೇ ಅಪ್ಪ. ಅದಕ್ಕೇನೂ ಗೊತ್ತಿಲ್ಲ.”

ಇನ್ನು ಇವನು ಏಳುವುದಿಲ್ಲ ಅನ್ನಿಸಿತು. ಅಳುವೂ ಕೋಪವೂ ಒಟ್ಟಿಗೇ ಬಂದವು. “ನಾನು ಬಾಯಿ ಬಡ್ಕೊಂಡಾಗ ಕೇಳ್ಲಿಲ್ಲ. ಆ ದರಿದ್ರ ಮಷೀನನ್ನ ಯಾಕಪ್ಪ ನಂಬಿದೆ?”

“ಮಷೀನಿನ ವಿಷ್ಯ ನಂಗೇನು ಗೊತ್ತು?” ಎಂದ ಅಪ್ಪ. “ಅವತ್ತು ಅದನ್ನ ನೋಡಿ ನಿನ್ನ ಮುಖ ಅರಳ್ತು. ನಾನು ನಂಬಿದ್ದು ಆ ಮುಖಾನ.”

ಅಪ್ಪ ಉಳಿದ ಗುಂಡಿಗಳನ್ನು ಹಾಕಿಕೊಂಡು, ಒಮ್ಮೆ ನನ್ನನ್ನು ದಿಟ್ಟಿಸಿ ನೋಡಿ, ಕುರ್ಚಿಯ ಕೈ ಹಿಡಿದು ಎದ್ದ.

“ಈಗ್ಲೂ ನಿನ್ನ ಮುಖಾನೇ ನೋಡ್ತಿದೀನಿ. ನಡಿ, ಡಾಕ್ಟ್ರ ಹತ್ರ ಹೋಗೋಣ.”