ಮಣ್ಣಿನಲ್ಲಿ ಎರಡು ಹೆಬ್ಬೆರಳು

ಇಲಿ ಇರಬೇಕು, ಇಲಿ ಕಡಿದಿರಬೇಕು, ಮಣ್ಣಿನಲ್ಲಿ ಇಷ್ಟು ಸಣ್ಣ ಗುಳಿ ಇನ್ನಾವುದರಿಂದ ಬೀಳುತ್ತದೆ, ಕಿಟಕಿಯ ಬಿಸಿಲು ಓರೆಯಾಗಿ ಬಿದ್ದದ್ದಕ್ಕೆ ಕಂಡಿತು, ಇಲ್ಲದಿದ್ದರೆ ಹಾಗೇ ಅಳತೆ ತೆಗೆದು ಅರ ಹಿಡಿದುಬಿಡುತ್ತಿದ್ದೆ — ಇದು ವೆಂಡೆಲ್ ಮುದುಕನ ಎಡಗೈಯದು, ನಿನ್ನೆ ಸಂಜೆ ತಂದು ಈ ಮೇಜಿನ ಮೇಲೆ ಇಟ್ಟುಹೋದ ರಿವಾಲ್ವರು, ಹಿಡಿಯ ಸುತ್ತ ಅಳತೆಗೆಂದು ನಾನೇ ಕೊಟ್ಟಿದ್ದ ಬೂದು ಮಣ್ಣು, ಅದರ ಮೇಲೆ ಅವನ ಬೆರಳುಗಳು ಒತ್ತಿದ ಗುರುತು, ಆಯುಷ್ಯವಿಡೀ ಕುದುರೆಗಳಿಗೆ ಲಾಳ ಹೊಡೆದ ಕೈ, ಗೆಣ್ಣುಗಳೆಲ್ಲ ಊದಿ ಶುಂಠಿಯ ಗಡ್ಡೆಯಂತಾಗಿವೆ, ಕಿರುಬೆರಳು ಮಡಚುವುದೇ ಇಲ್ಲ, ಅದಕ್ಕೇ ಹಿಡಿಯ ಬುಡ ಕೊಯ್ದು ಗಿಡ್ಡ ಮಾಡಬೇಕು, ಬೆನ್ನಿನ ಪಟ್ಟಿಯ ಗೂನು ಇಳಿಸಬೇಕು, ಗುಂಡಿನ ಬೆನ್ನಿಗೆ ಬಡಿಯುವ ಹ್ಯಾಮರ್ ಹೆಬ್ಬೆರಳಿನ ಹತ್ತಿರಕ್ಕೆ ಬರಬೇಕು — ರೋವಿ, ಈ ದರಿದ್ರ ಕೈಗೆ ಹೊಂದೋ ಹಿಡಿ ಮಾಡ್ಕೊಟ್ರೆ ಸ್ವರ್ಗದಲ್ಲೂ ನಿನ್ನ ಹೆಸರು ಹೇಳ್ತೀನಿ ಕಣೇ, ನಿಮ್ಮನ್ನ ಸ್ವರ್ಗದೊಳಗೆ ಯಾರು ಬಿಡ್ತಾರೆ ಮುದುಕ್ರೇ, ಬಿಡದಿದ್ರೆ ಬಾಗಿಲಲ್ಲೇ ಕೂತ್ಕೊತೀನಿ ಬಿಡು, ಅಲ್ಲಿನ ಕುದುರೆಗಳಿಗೂ ಗೊರಸಿರತ್ತಲ್ಲ — ನಗುತ್ತ ನಗುತ್ತ ಕೆಮ್ಮಿ, ಟೋಪಿ ಮರೆತು ಹೋಗಿ, ಮತ್ತೆ ಬಂದು ಟೋಪಿ ತೆಗೆದುಕೊಂಡು ಹೋದ. ತಿಂಗಳ ಗುರಿ ಹೊಡೆಯುವ ಪಂದ್ಯದಲ್ಲಿ ಎಲ್ಲರೂ ಹಳೆಗಾಲದ ಕೌಬಾಯ್ ವೇಷ ಹಾಕಿ ಒಂದೊಂದು ಸುಳ್ಳು ಹೆಸರಿಟ್ಟುಕೊಳ್ಳುತ್ತಾರೆ, ಇವನದು ಕುಂಟ ಲಾಳ, ಸೊಂಟದ ಎರಡು ಕಡೆಗೂ ಒಂದೊಂದು ರಿವಾಲ್ವರು, ಜೋಡಿಯಿಲ್ಲದೆ ಪಂದ್ಯಕ್ಕೆ ಬಂದವನೆಂದರೆ ಒಂದೇ ಚಪ್ಪಲಿ ಮೆಟ್ಟಿ ಮದುವೆಗೆ ಬಂದವನ ಹಾಗೆ. ಬಲಗೈಯದನ್ನು ಹೋದ ತಿಂಗಳೇ ಮುಗಿಸಿ ಕೊಟ್ಟೆ. ಇದು ಅದರ ಜೊತೆಯದು.

ಇಲಿಯಲ್ಲ. ಇಲಿಯ ಹಲ್ಲಿನಲ್ಲಿ ಬೆರಳಗೆರೆ ಇರುವುದಿಲ್ಲ, ಭೂತಗನ್ನಡಿ ಎಲ್ಲಿ, ಇಲ್ಲೇ ಇತ್ತು — ನೋಡು, ಗೆರೆ ಗೆರೆಯಾಗಿ, ಸುಳಿ ಸುಳಿಯಾಗಿ, ಹಿಡಿಯ ಬೆನ್ನ ಮೇಲೆ ಮುದುಕನ ಅಂಗೈ ಒತ್ತಿದ ಜಾಗದಲ್ಲಿ ಅವರೆಕಾಳಿನಷ್ಟು ಗುಳಿಗಳು ಸಾಲಾಗಿ, ಅವನ ಗುರುತಿನ ಅಂಚನ್ನು ಕತ್ತರಿಸಿವೆ, ಅಂದರೆ ಅವನು ಒತ್ತಿಟ್ಟ ಮೇಲೆ ಬಿದ್ದವು, ಮತ್ತೆ ಮುಂದುಗಡೆ, ಟ್ರಿಗರಿನ ಬಳೆಯ ಕೆಳಗೆ, ಎರಡು ಹೆಬ್ಬೆರಳು, ಪುಟ್ಟ ಹೆಬ್ಬೆರಳು, ಜೊತೆಜೊತೆಗೆ, ಒಂದರ ಗುರುತು ಮೇಲಕ್ಕೆ ಜಾರಿದೆ. ಜೂನಿ. ಇನ್ಯಾರು, ಆ ಮನೆಯಲ್ಲಿ ಇಷ್ಟು ಸಣ್ಣ ಬೆರಳು ಇನ್ಯಾರದು, ಅವನ ಮಗಳು ಮಾರ್ಲಾ ಶಾಲೆಯ ಬಸ್ಸು ಓಡಿಸಲು ಹೊರಟಳೆಂದರೆ ಮೊಮ್ಮಗಳು ಅಜ್ಜನ ಪಾಲಿಗೆ, ಇನ್ನೂ ಐದು ತುಂಬಿಲ್ಲ, ನಮ್ಮ ಬಂದೂಕು ರಿಪೇರಿ ಅಂಗಡಿಗೆ ಬಂದಾಗ ಮಣ್ಣಿನ ಉಂಡೆಯಲ್ಲಿ ಮೊಲ ಮಾಡಿ ಕಿವಿ ನಿಲ್ಲದೆ ಅತ್ತವಳು. ಮಣ್ಣು ಮೆತ್ತಿ ಒಂದೇ ಸಲ ಸಹಜವಾಗಿ ಹಿಡ್ಕೊಂಡು ಬಿಟ್ಬಿಡಿ, ರಾತ್ರಿಯೆಲ್ಲ ಆರಲಿ, ಆಮೇಲೆ ಮುಟ್ಬೇಡಿ ಅಂದಿದ್ದೆ. ಎಲ್ಲಿಡಲಿ, ಎಲ್ಲಾದ್ರೂ ಇಡಿ, ಅಡುಗೆಮನೆ ಡ್ರಾಯರ್‌ನಲ್ಲಿ ಇಡ್ತೀನಿ ಬಿಡು, ಅದರ ಜೋಡಿನೂ ಅಲ್ಲೇ ಇರೋದು. ಅವನು ಮುಟ್ಟಲಿಲ್ಲ, ಮಾತು ಉಳಿಸಿಕೊಂಡ. ಆದರೆ ಯಾಕೆ ಹೀಗೆ, ಹಿಂದೆ ಇರಬೇಕಾದ ಹೆಬ್ಬೆರಳು ಮುಂದೆ ಯಾಕೆ, ಮಗು ಹಿಡಿದದ್ದಾದರೂ ಹೇಗೆ — ಗುಂಡಿನ ಉರುಳೆ ಖಾಲಿ, ತಿರುಗಿಸಿ ನೋಡಿದೆ, ಇನ್ನೊಮ್ಮೆ ನೋಡಿದೆ, ಖಾಲಿ — ನನ್ನ ಬೆರಳ ತುದಿಗಳನ್ನು ಆ ಗುಳಿಗಳ ಮೇಲೆ ಒಂದೊಂದಾಗಿ ಇಡುತ್ತೇನೆ, ಬೆನ್ನಿಗೆ ಬೆರಳುಗಳು, ಮುಂದಕ್ಕೆ ಹೆಬ್ಬೆರಳುಗಳು, ಹೀಗೆ ಹಿಡಿಯಬೇಕಾದರೆ ರಿವಾಲ್ವರು ತಾನಾಗಿ ತಿರುಗುತ್ತದೆ, ಬೇರೆ ದಾರಿಯೇ ಇಲ್ಲ, ನಳಿಗೆಯ ಕಪ್ಪು ತೂತು ನನ್ನನ್ನೇ ನೋಡುತ್ತಿದೆ.

ಅಯ್ಯೋ ದೇವರೇ. ಇಟ್ಟುಬಿಡು, ಕೆಳಗಿಡು, ಖಾಲಿ ಎಂದು ಗೊತ್ತಿದ್ದೂ ನಳಿಗೆಯನ್ನು ಗೋಡೆಗೆ ತಿರುಗಿಸಿಟ್ಟೆ, ಮತ್ತೆ ಹ್ಯಾಮರ್‌ನ ತುದಿಯಲ್ಲಿ ಇದೇನು, ಬೂದು ಕಲೆ, ಮಣ್ಣು ಹತ್ತಿದ ಬೆರಳು ಅಲ್ಲಿಗೂ ಹೋಗಿದೆ, ಅಜ್ಜ ಮಾಡುವುದನ್ನು ನೋಡಿದ್ದಾಳೆ, ಮೊದಲು ಹ್ಯಾಮರ್ ಹಿಂದಕ್ಕೆ, ಆಮೇಲೆ ಟ್ರಿಗರ್, ಈ ಜಾತಿಯ ರಿವಾಲ್ವರಿಗೆ ಅದೇ ಕಾವಲು, ಹ್ಯಾಮರ್ ಎಳೆಯದೆ ಟ್ರಿಗರ್ ಎಷ್ಟು ಒತ್ತಿದರೂ ಏನೂ ಆಗದು, ಇದರ ಸ್ಪ್ರಿಂಗ್ ಇನ್ನೂ ಹಳೆಯದು, ಕತ್ತೆಯ ಹಾಗೆ ಮೊಂಡು, ದೊಡ್ಡ ಗಂಡಸಿಗೇ ಹೆಬ್ಬೆರಳು ನೋಯುತ್ತದೆ, ಅವಳಿಂದ ಆಗಿಲ್ಲ, ಬಿಟ್ಟಿದ್ದಾಳೆ. ಆದರೆ ಬಲಗೈಯದು. ಬಲಗೈಯದರ ಸ್ಪ್ರಿಂಗನ್ನು ತೆಳ್ಳಗೆ ಉಜ್ಜಿದವಳು ನಾನು, ಹ್ಯಾಮರ್‌ನ ಕೊಂಬನ್ನು ಕೆಳಕ್ಕೆ ಬಗ್ಗಿಸಿ ಅಗಲ ಮಾಡಿದವಳು ನಾನು, ಹಿಡಿಯನ್ನು ಸಣ್ಣ ಮಾಡಿದವಳು, ಅಂಚುಗಳನ್ನೆಲ್ಲ ಸಾಬೂನಿನಂತೆ ನುಣುಪು ಮಾಡಿದವಳು, ಮುದುಕ ಎಳೆದು ನೋಡಿ ಕಣ್ಣರಳಿಸಿದ, ಏನೇ ಇದು, ಬೆಣ್ಣೇಲಿ ಬೆರಳಿಟ್ಟಂಗಿದೆ, ನಾನು ಬೀಗಿದೆ, ಹೌದು ಬೀಗಿದೆ, ಶಕ್ತಿಯೇ ಇಲ್ಲದ ಕೈಗೂ ಆಗುವ ಹಾಗೆ ಮಾಡಿದ್ದೀನಿ ಅಂದೆ, ಶಕ್ತಿಯೇ ಇಲ್ಲದ ಕೈ ಆ ಮನೆಯಲ್ಲಿ ಒಂದೇ ಎಂದು ನನಗೆ ಯಾರು ಹೇಳಿದ್ದರು. ಅದರಲ್ಲಿ ಗುಂಡು ತುಂಬಿಟ್ಟಿರುತ್ತಾನೆ ಬೇರೆ. ಅಂಗಳದಲ್ಲಿ ಬುಡುಬುಡಿಕೆ ಹಾವು ಕಣೇ, ಅದು ಬಂದಾಗ ಗುಂಡು ಹುಡುಕ್ತಾ ಕೂರಕ್ಕಾಗತ್ತಾ, ಆರು ಗೂಡಲ್ಲಿ ಐದೇ ಹಾಕೋದು, ಹ್ಯಾಮರ್ ಕೆಳಗಿನ ಗೂಡು ಖಾಲಿ, ನಮ್ಮಪ್ಪನ ಕಾಲದಿಂದ ಹಂಗೇ, ಏನೂ ಆಗಲ್ಲ. ಏನೂ ಆಗುವುದಿಲ್ಲ, ಬಿದ್ದರೆ ಆಗುವುದಿಲ್ಲ, ತಗುಲಿದರೆ ಆಗುವುದಿಲ್ಲ, ಆದರೆ ಹ್ಯಾಮರ್ ಹಿಂದಕ್ಕೆ ಎಳೆದರೆ ಉರುಳೆಯೂ ತಿರುಗುತ್ತದೆ, ಖಾಲಿ ಗೂಡು ಪಕ್ಕಕ್ಕೆ ಸರಿದು ತುಂಬಿದ್ದು ಬಂದು ನಿಲ್ಲುತ್ತದೆ.

ಫೋನು, ಅವನ ಮೊಬೈಲಿಗೆ, ಎತ್ತು ಮುದುಕಾ ಎತ್ತು, ರಿಂಗಾಗುತ್ತಿದೆ, ಎಲ್ಲೋ ಹತ್ತಿರದಲ್ಲೇ ಗುಂಯ್ ಅನ್ನುತ್ತಿದೆ, ಮೇಜಿನ ಮೇಲಿನ ಎಣ್ಣೆಬಟ್ಟೆ ನಡುಗುತ್ತಿದೆ — ಇಲ್ಲೇ ಬಿಟ್ಟುಹೋಗಿದ್ದಾನೆ, ಟೋಪಿಗೆ ವಾಪಸು ಬಂದವನು ಇದನ್ನು ಬಿಟ್ಟುಹೋಗಿದ್ದಾನೆ. ಗಾಡಿ ಹತ್ತಿ ಹೊರಟರೆ, ಒಣಹಳ್ಳದ ಮಣ್ಣುರಸ್ತೆ, ಆ ಮೆಸ್ಕೀಟ್ ಪೊದೆಗಳ ನಡುವೆ ಹಾರಿಕೊಂಡು ಹೋಗಲಾಗುವುದಿಲ್ಲ, ಪೊಲೀಸರಿಗೂ ಅದೇ ದಾರಿ, ಅವರಿಗೆ ಏನೆಂದು ಹೇಳಲಿ, ಮಣ್ಣಿನಲ್ಲಿ ಬೆರಳು ಕಂಡಿತು ಎನ್ನಲೇ, ಮನೆಯ ಫೋನಿಗೆ, ಆ ಕಣಿವೆಯಲ್ಲಿ ಇನ್ನೂ ಗೋಡೆಗೆ ತಂತಿಯ ಫೋನೇ, ಅಂಕಿ ಒತ್ತಿದೆ, ಹೋಗುತ್ತಿದೆ, ಗಂಟೆ ಹೋಗುತ್ತಿದೆ, ಏನೂ ಆಗಿರುವುದಿಲ್ಲ, ಮುದುಕ ಬೀನ್ಸು ಬೇಯಿಸುತ್ತಿರುತ್ತಾನೆ, ನನ್ನನ್ನು ಹೆದರುಪುಕ್ಕಲಿ ಎಂದು ಪಂದ್ಯದಲ್ಲೆಲ್ಲ ಆಡಿಕೊಳ್ಳುತ್ತಾನೆ, ಆಡಿಕೊಳ್ಳಲಿ, ವರ್ಷವಿಡೀ ಆಡಿಕೊಳ್ಳಲಿ — ಹಲೋ. ಪುಟ್ಟ ಗಂಟಲು. ಜೂನಿ, ಬಂಗಾರ, ನಾನು ರೋವಿ ಆಂಟಿ, ತಾತ ಎಲ್ಲಿ. ತಾತ ಹಿಂದ್ಗಡೆ, ಹೇಸರಗತ್ತೆಗೆ ಲಾಳ ಹೊಡೀತಿದಾರೆ, ಅದು ಒದ್ದುಬಿಡತ್ತೆ ನೀನು ಒಳಗೇ ಇರು ಪೆದ್ದಿ ಅಂದ್ರು. ಸರಿ ಬಂಗಾರ, ಒಳಗೆ ಬೇಡ, ಈಗಲೇ ಹೊರಗೆ ಓಡಿಹೋಗಿ ತಾತನ್ನ ಕರಿ. ಒದ್ರೆ. ದೂರ ನಿಂತು ಕೂಗು. ನಂಗೆ ಬೂಟ್ಸ್ ಸಿಗ್ತಿಲ್ಲ, ಅಂಗಳದ ತುಂಬ ಮುಳ್ಳಿದೆ. ಮುಳ್ಳು, ಮುಳ್ಳಂತೆ, ಚುಚ್ಚಲಿ ಬಿಡೇ ತಾಯಿ ಎಂದು ಕಿರುಚಬೇಕೆನಿಸುತ್ತಿದೆ, ಕಿರುಚಬೇಡ, ಮೆತ್ತಗೆ, ಕುದುರೆಗೆ ಹೇಳುವ ಹಾಗೆ ಮೆತ್ತಗೆ, ಫೋನು ಇರುವುದು ಅಡುಗೆಮನೆಯಲ್ಲಿ, ಅದರ ಕೆಳಗೇ ಆ ಡ್ರಾಯರು, ಜೂನಿ, ಕೆಳಗಿರೋ ಡ್ರಾಯರ್ ಮುಚ್ಚಿದೆಯಾ. ಯಾಕೆ ಕೇಳಿದೆ. ಯಾಕೆ ಕೇಳಿದೆ, ನನ್ನ ನಾಲಿಗೆ ಸೇದಿಹೋಗ, ಬೂಟ್ಸ್ ಹುಡುಕು ಅನ್ನಬಾರದಿತ್ತೇ, ಹಾಡು ಹೇಳು ಅನ್ನಬಾರದಿತ್ತೇ. ನಿಂಗೂ ಗೊತ್ತಾ ಆಂಟಿ. ಏನು. ಅದರೊಳಗಿರೋದು. ಇಲ್ಲ ಜೂನಿ, ನಂಗೇನೂ ಗೊತ್ತಿಲ್ಲ, ಅದನ್ನ ಬಿಡು, ಫೋನ್ ಬಿಡಬೇಡ, ಎರಡೂ ಕೈಯಲ್ಲಿ ಫೋನ್ ಹಿಡ್ಕೊ, ಮೊಲ ಮಾಡಿದ್ಯಲ್ಲ ಅದಕ್ಕೇನು ಹೆಸರಿಟ್ಟೆ. ಮಣ್ಣು ಮೆತ್ತಿದ್ದು ಬರಲೇ ಇಲ್ಲ ಆಂಟಿ, ಗಟ್ಟಿ, ಇನ್ನೊಂದು ಬರತ್ತೆ, ಟಿಕ್ ಟಿಕ್ ಅನ್ನತ್ತೆ, ಕೇಳಿಸ್ಲಾ. ಬೇಡ. ಇರು ಕೇಳಿಸ್ತೀನಿ. ಜೂನಿ ಬೇಡ, ಜೂನಿ —

ಫೋನು ಕೆಳಗಿಟ್ಟಳು, ಮರದ ಮೇಲೆ ಇಟ್ಟ ಸದ್ದು, ಇನ್ನು ನಾನು ಕೂಗಿದ್ದು ಅಲ್ಲಿ ಒಂದು ನೊಣದ ಗುಂಯ್‌ಗುಟ್ಟುವಿಕೆ ಅಷ್ಟೇ, ಕೂಗುತ್ತಿದ್ದೇನೆ, ಡ್ರಾಯರ್ ಎಳೆದ ಕಿರ್ ಸದ್ದು, ಚಮಚಗಳ ಗಲಗಲ, ದೂರದಲ್ಲಿ ಸುತ್ತಿಗೆ, ಠಣ್ ಠಣ್, ಮುದುಕ ಲಾಳ ಬಡಿಯುತ್ತಿದ್ದಾನೆ, ಬಡಿಯುವುದು ನಿಲ್ಲಿಸೋ, ಕಿವುಡಾ, ನಿಲ್ಲಿಸಿ ಒಳಗೆ ಬಾರೋ, ಮೊಣಕಾಲು ಮೇಜಿಗೆ ತಗುಲಿ ಅರಗಳೆಲ್ಲ ಕೆಳಗೆ ಬಿದ್ದವು, ಸದ್ದು ಮಾಡಬೇಡ, ಕೇಳು. ಹ್ಯಾಮರ್ ಪೂರ್ತಿ ಹಿಂದಕ್ಕೆ ಹೋಗುವಾಗ ನಾಲ್ಕು ಸಲ ಟಿಕ್ ಅನ್ನುತ್ತದೆ, ನಾಲ್ಕನ್ನೂ ನಾನೇ ಕಿವಿಯಿಟ್ಟು ಸರಿಮಾಡಿದ್ದೇನೆ, ನಾಲ್ಕನೆಯದಾದರೆ ಮುಗಿಯಿತು, ಅದು ನಿಂತುಕೊಳ್ಳುತ್ತದೆ, ಟ್ರಿಗರ್ ಒತ್ತುವುದನ್ನೇ ಕಾಯುತ್ತದೆ, ಟಿಕ್, ಒಂದು, ಇಲ್ಲ ಅದು ಚಮಚ, ಚಮಚವಲ್ಲ, ಟಿಕ್, ನನ್ನ ಕೈಗೆ ಮಣ್ಣಿನ ಹಿಡಿ ಹೇಗೆ ಬಂತು, ಬಿಸಿಲು ಅದೇ ಜಾಗದಲ್ಲಿ ಓರೆಯಾಗಿ ನಿಂತಿದೆ, ಬೆನ್ನಿಗೆ ಬೆರಳುಗಳು, ಮುಂದಕ್ಕೆ ಹೆಬ್ಬೆರಳು, ಠಣ್ ಠಣ್ ನಿಂತಿದೆ, ಬಂದನೇ, ಒಳಗೆ ಬರುತ್ತಿದ್ದಾನೆಯೇ, ಬಾಗಿಲ ಸದ್ದಿಲ್ಲ, ಟಿಕ್, ಮೂರು, ಅವಳು ತಿಣುಕುತ್ತಿದ್ದಾಳೆ, ನನಗೆ ಕೇಳಿಸುತ್ತಿದೆ, ಮೂರು, ಮೂರೇ, ಇನ್ನೂ ಮೂರೇ — ಎರಡು ಹೆಬ್ಬೆರಳು, ಪುಟ್ಟ ಹೆಬ್ಬೆರಳು, ಜೊತೆಜೊತೆಗೆ, ಒಂದರ ಗುರುತು ಮೇಲಕ್ಕೆ ಜಾರಿದೆ, ಎರಡು ಹೆಬ್ಬೆರಳು, ಜೊತೆಜೊತೆಗೆ, ಎರಡು ಹೆಬ್ಬೆರಳು