ಗುಂಡಮ್ಮನಿಗೆ ಕರಿ ಬೆಲ್ಲ

ಗುಂಡಮ್ಮ ಎಂದರೆ ಹೆಂಗಸಲ್ಲ, ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೆ.ಆರ್. ಪುರದ ರೈಲು ಹಳಿಯಾಚೆಗಿನ ಒಂದು ತಗಡಿನ ಶೆಡ್ಡಿನಲ್ಲಿ, ಮೈತುಂಬ ಬೋಲ್ಟು ಬಿಗಿಸಿಕೊಂಡು ಕೂತಿರುವ ದಪ್ಪ ಸ್ಟೀಲ್ ರಿಯಾಕ್ಟರ್ ಅದು. ಹೆಸರಿಟ್ಟವನು ಅದನ್ನು ನಡೆಸುವ ಜಗದೀಶ್. ಮರ್ಫಿ ಟೌನಿನವನು, ವಯಸ್ಸು ಐವತ್ತನಾಲ್ಕು, ಬಾಯಿ ಮಾತ್ರ ಇನ್ನೂ ಇಪ್ಪತ್ತರದ್ದು. ದುಡಿದ ಎರಡು ಫ್ಯಾಕ್ಟರಿಗಳ ಶಟರ್ ಇಳಿದದ್ದನ್ನು ಕಣ್ಣಾರೆ ಕಂಡಿದ್ದ. ಮೂರನೆಯದನ್ನು ಕಾಣುವ ಶಕ್ತಿ ತನಗಿಲ್ಲ ಎಂದು ಹೆಂಡತಿಯ ಹತ್ತಿರ ಮಾತ್ರ ಹೇಳಿಕೊಂಡಿದ್ದ.

ಶೆಡ್ಡಿನ ಒಡತಿ ನಂದಿತಾ ಮೇಡಂ. ನಾಲ್ಕು ವರ್ಷದಿಂದ ಅವರದು ಒಂದೇ ಹಟ. ಅಂಗಡಿಗಳಲ್ಲಿ ಯಾರೂ ಮುಟ್ಟದ ಒಡಕು ಕರಿ ಬೆಲ್ಲದಿಂದ ಸಾರ್ಬಿಟಾಲ್ ತೆಗೆಯಬೇಕು. ಟೂತ್‌ಪೇಸ್ಟ್ ಒಣಗದಂತೆ ಕಾಯುವ ಸಿಹಿ ಪಾಕ ಅದು. ಬೆಲ್ಲ ಕರಗಿಸಿ, ಇದ್ದಿಲ ಪುಡಿಯಲ್ಲಿ ಸೋಸಿ, ಒಂದಿಷ್ಟು ಆಸಿಡ್ ಹಾಕಿ ಕಾಯಿಸಿದರೆ ಅದರ ಸಕ್ಕರೆ ಎರಡು ಸಣ್ಣ ಸಕ್ಕರೆಗಳಾಗಿ ಒಡೆಯುತ್ತದೆ. ಅದನ್ನು ಗುಂಡಮ್ಮನ ಹೊಟ್ಟೆಗೆ ಸುರಿದು, ನಿಕ್ಕಲ್ಲಿನ ಕಪ್ಪು ಪುಡಿ ಸೇರಿಸಿ, ಹೈಡ್ರೋಜನ್ ತುಂಬಿ ಬಿಸಿ ಮಾಡಬೇಕು. ಆ ಕಪ್ಪು ಪುಡಿಯೇ ಕ್ಯಾಟಲಿಸ್ಟ್.

"ಮದುವೆ ದಲ್ಲಾಳಿ ಇದ್ದಂಗೆ ಕಣಮ್ಮ ಅದು," ಎಂದು ಜಗದೀಶ್ ಗಾಜಿನ ಪಾತ್ರೆ ತೊಳೆಯುವ ಜಟ್ಟೆಮ್ಮನಿಗೆ ಒಮ್ಮೆ ಪಾಠ ಮಾಡಿದ್ದ. "ಸಕ್ಕರೆಗೂ ಗ್ಯಾಸಿಗೂ ಗಂಟು ಹಾಕುತ್ತೆ. ತಾನು ಮಾತ್ರ ಹಂಗೇ ಉಳ್ಕೊಳುತ್ತೆ, ಮುಂದಿನ ಮದುವೆಗೆ ರೆಡಿ."

"ಹಂಗಾರ ಅದಕ್ಕೂ ಒಂದು ಎಲಿ ಹಾಕಬೇಕೇನ್ರಿ ಅಣ್ಣಾರ?" ಎಂದಿದ್ದಳು ಜಟ್ಟೆಮ್ಮ. ಕಲಬುರಗಿ ಕಡೆಯಿಂದ ಬಂದು ಅಲ್ಲೇ ಹತ್ತಿರ ಬಾಡಿಗೆ ಕೋಣೆಯಲ್ಲಿದ್ದವಳು. ಮಾತು ಕಡಿಮೆ, ಆಡಿದರೆ ಹೀಗೆ.

ಕೆಲಸ ಸರಿಯಾಗಿ ನಡೆದರೆ ಸಕ್ಕರೆ ಗ್ಯಾಸನ್ನು ನುಂಗುತ್ತದೆ, ಒತ್ತಡ ತೋರಿಸುವ ಮೀಟರಿನ ಮುಳ್ಳು ಇಳಿಯುತ್ತದೆ. ಮುಳ್ಳು ಇಳಿದರೆ ಆ ಶೆಡ್ಡಿನಲ್ಲಿ ಕೇಕೆ.

ಆ ಶುಕ್ರವಾರ ಟೂತ್‌ಪೇಸ್ಟ್ ಕಂಪನಿಯವರು ಬಂದು ಕಣ್ಣಾರೆ ನೋಡುವವರಿದ್ದರು. ಮೆಚ್ಚಿದರೆ ಆರ್ಡರ್. ಇಲ್ಲದಿದ್ದರೆ ತಿಂಗಳ ಕೊನೆಗೆ ಶೆಡ್ಡು ಖಾಲಿ. ನಂದಿತಾ ಇದನ್ನು ಮುಚ್ಚಿಡದೆ ಇಬ್ಬರಿಗೂ ಹೇಳಿದ್ದರು.

ಬೆಲ್ಲ ತರುವುದು ಜಗದೀಶನ ಪಾಲಿನ ಕೆಲಸ. ಭಾನುವಾರ ಹೊಸ ತಿಪ್ಪಸಂದ್ರದ ಮುನಿಶಾಮಿ ಅಂಗಡಿ ಮುಂದೆ ಸ್ಕೂಟರ್ ನಿಲ್ಲಿಸಿದವನು ಕರಿ ಬೆಲ್ಲದ ಮೂಟೆ ನೋಡಿ ಮುಖ ಹಿಂಡಿದ. ದೊಡ್ಡ ಕಂಪನಿಯವರು ಬರುತ್ತಿದ್ದಾರೆ, ಅವರ ಕಣ್ಣಿಗೆ ಈ ಕಪ್ಪು ಹೆಂಟೆ ಹಿಡಿಯುವುದೇ? ಮನೆಗೆ ಬೀಗರು ಬಂದರೆ ಹರಿದ ಚಾಪೆ ಹಾಸುತ್ತಾರೆಯೇ? ಪಕ್ಕದಲ್ಲಿ ಹೊನ್ನಿನ ಬಣ್ಣದ ಅಚ್ಚು ಬೆಲ್ಲ ಫಳಫಳ ಹೊಳೆಯುತ್ತಿತ್ತು. ಬೆಲ್ಲ ಬೆಲ್ಲವೇ ತಾನೆ ಎಂದುಕೊಂಡು ಅದನ್ನೇ ಹೇರಿಕೊಂಡು ಬಂದ. ಮೇಡಂಗೆ ಶುಕ್ರವಾರವೇ ಹೇಳಿ ಶಭಾಷ್‌ಗಿರಿ ಪಡೆಯೋಣ ಎಂದು ಬಾಯಿ ಬಿಡಲಿಲ್ಲ. ಇಪ್ಪತ್ತರ ಬಾಯಿ ಮುಚ್ಚಿಕೊಂಡಿದ್ದು ಅದೊಂದೇ ಸಲ, ಅದೂ ತಪ್ಪಾದ ಸಲ. ಕರಗಿಸಿ ಸೋಸುವವನೂ ಅವನೇ, ಸೋಸಿದ ಮೇಲೆ ಯಾವ ಬೆಲ್ಲದ ನೀರಾದರೂ ಒಂದೇ ಬಣ್ಣವಾದ್ದರಿಂದ ಮೇಡಂಗೂ ಗೊತ್ತಾಗಲಿಲ್ಲ.

ಮಂಗಳವಾರ ತಾಲೀಮು ನಡೆಸಿದರು. ಮುಳ್ಳು ಅಲ್ಲಾಡಲಿಲ್ಲ. ಬುಧವಾರ ಹೊಸ ಪುಡಿ ಹಾಕಿ ಮತ್ತೆ ನಡೆಸಿದರು. ಮುಳ್ಳು ಮೊಳೆ ಹೊಡೆದಂತೆ ನಿಂತೇ ಇತ್ತು. ಎರಡು ಡಬ್ಬಿ ಕ್ಯಾಟಲಿಸ್ಟ್ ಸತ್ತುಹೋಯಿತು. ಉಳಿದದ್ದು ಒಂದೇ ಡಬ್ಬಿ. ಹೊಸದು ತಯಾರಿಸಲು ಮೂರು ವಾರ ಬೇಕು.

"ಯಾವುದೋ ವಿಷ ಸೇರ್ತಿದೆ ಜಗದೀಶಣ್ಣ," ಎಂದರು ನಂದಿತಾ, ಕಣ್ಣು ಕೆಂಪಾಗಿತ್ತು. "ಎಲ್ಲಿಂದ ಅಂತ ಗೊತ್ತಾಗ್ತಿಲ್ಲ."

ಜಗದೀಶ್ ಸಿಂಕಿನ ಕಡೆ ತಿರುಗಿದ. "ಜಟ್ಟೆಮ್ಮ, ಪಾತ್ರೆಗೆ ಬೂದಿ ಗೀದಿ ಹಾಕಿ ಉಜ್ಜಿದ್ದೀಯಾ? ನಿಜ ಹೇಳು!"

"ಇಲ್ರಿ ಅಣ್ಣಾರ. ಮೇಡಂ ಕೊಟ್ಟ ಸೋಪಿನ ನೀರೇ ರಿ."

"ಮತ್ತೆ ವಿಷ ಆಕಾಶದಿಂದ ಬಿತ್ತಾ? ಊರಲ್ಲಿ ಬೂದಿಲಿ ತಿಕ್ಕಿ ಅಭ್ಯಾಸ ನಿಂಗೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ. ನಂದಿತಾ ಬೈಯಲಿಲ್ಲ. "ಎರಡು ದಿನ ಪಾತ್ರೆ ಜಗದೀಶಣ್ಣನೇ ತೊಳೀಲಿ ಜಟ್ಟೆಮ್ಮ" ಎಂದಷ್ಟೇ ಹೇಳಿದರು. ಬೈದಿದ್ದರೇ ವಾಸಿ ಇತ್ತು. ಜಟ್ಟೆಮ್ಮ ಕೈ ಒರೆಸಿಕೊಂಡು, ಏಪ್ರನ್ ಬಿಚ್ಚಿ ಮಡಿಸಿಟ್ಟು, ಮೂಲೆಯ ಸ್ಟೂಲಿನ ಮೇಲೆ ಕೂತಳು.

ಗುರುವಾರ ಮಧ್ಯಾಹ್ನ ತಗಡು ಕಾದು ಶೆಡ್ಡು ಒಲೆಯಾಗಿತ್ತು. ಮೇಡಂ, ಜಗದೀಶ್ ಇಬ್ಬರೂ ಊಟ ಮಾಡದೆ ತಲೆ ಮೇಲೆ ಕೈಹೊತ್ತು ಕೂತಿದ್ದನ್ನು ಜಟ್ಟೆಮ್ಮ ನೋಡಲಾರದೆ ಹೋದಳು. ಅವಮಾನ ಬೇರೆ, ಹಸಿವು ಬೇರೆ. ಪಾನಕವನ್ನಾದರೂ ಕುಡಿಸೋಣ ಎಂದು ಜಗದೀಶ್ ಬೆಲ್ಲ ತುಂಬಿಟ್ಟಿದ್ದ ಡಬ್ಬದಿಂದ ಒಂದು ಚೂರು ತೆಗೆದು, ಬಿಸಿ ನೀರಲ್ಲಿ ಕರಗಿಸಿ, ನಿಂಬೆಹಣ್ಣು ಹಿಂಡಿದಳು. ಹಿಂಡಿದವಳೇ ಮೂಗು ಹಿಂದಕ್ಕೆಳೆದುಕೊಂಡಳು.

"ಯವ್ವಾ! ಮೇಡಂ, ಇಲ್ಲಿ ಬರ್ರಿ. ಮೂಸಿ ನೋಡ್ರಿ ಇದ."

ನಂದಿತಾ ಮೂಸಿದರು. ಆಗ ತಾನೇ ಗೀರಿದ ಬೆಂಕಿಕಡ್ಡಿಯ ವಾಸನೆ.

"ಇದು ನಮ್ಮ ಕರಿ ಬೆಲ್ಲ ಅಲ್ರಿ. ಬಣ್ಣ ಬರ್ಲೆಂತ ಬಿಳಿ ಪುಡಿ ಹಾಕ್ಯಾರ. ನಮ್ಮಪ್ಪ ಗಾಣದಾಗ ಬೆಲ್ಲ ಕುದಸ್ತಿದ್ದ. ಮಾರ್ಲಾಕ ಹಳದಿ, ಮನಿಗಿ ಕರಿ ಅಂತಿದ್ದ."

"ಹೈಡ್ರೋಸ್!" ನಂದಿತಾ ಎದ್ದು ನಿಂತರು. "ಅದರಲ್ಲಿ ಗಂಧಕ ಇರುತ್ತೆ. ಗಂಧಕ ಬಿದ್ರೆ ನಿಕ್ಕಲ್ ಸತ್ತೇ ಹೋಗುತ್ತೆ! ಆದ್ರೆ ಹಳದಿ ಬೆಲ್ಲ ಇಲ್ಲಿಗೆ ಹೇಗೆ ಬಂತು?"

ಜಗದೀಶನ ಕಿವಿ ಬಿಸಿಯಾಯಿತು. ಮುನಿಶಾಮಿ ತಪ್ಪಾಗಿ ಕಟ್ಟಿಕೊಟ್ಟ ಎಂದರೆ ಮುಗಿಯುತ್ತಿತ್ತು. ಮಾತು ನಾಲಿಗೆ ತುದಿಗೂ ಬಂತು. ಅಷ್ಟರಲ್ಲಿ ಸ್ಟೂಲಿನ ಪಕ್ಕ ಮಡಿಸಿಟ್ಟಿದ್ದ ಜಟ್ಟೆಮ್ಮನ ಒಣಗಿದ ಏಪ್ರನ್ ಕಣ್ಣಿಗೆ ಬಿತ್ತು. ನಾಚಿಕೆಯಿಂದ ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ನಾನೇ ಮೇಡಂ. ಗೆಸ್ಟ್ ಬರ್ತಾರೆ, ಚೆನ್ನಾಗಿ ಕಾಣ್ಲಿ ಅಂತ ನಾನೇ ತಂದ್ಬಿಟ್ಟೆ. ದಲ್ಲಾಳಿಗೆ ನನ್ನ ಕೈಯಾರೆ ವಿಷ ಹಾಕ್ಬಿಟ್ಟೆ." ಆಮೇಲೆ ಜಟ್ಟೆಮ್ಮನ ಕಡೆ ತಿರುಗಿದ. "ಅದನ್ನ ನಿಮ್ಮ ಮೇಲೆ ಹಾಕ್ಬಿಟ್ಟೆ ಜಟ್ಟೆಮ್ಮ. ತಪ್ಪಾಯ್ತು."

ಜಟ್ಟೆಮ್ಮ ಪಾನಕವನ್ನು ಸಿಂಕಿಗೆ ಸುರಿದಳು. "ಮೊದ್ಲು ಕರಿ ಬೆಲ್ಲ ತರ್ರಿ ಅಣ್ಣಾರ, ಅಂಗಡಿ ಮುಚ್ಚತಾರ," ಎಂದಳು.

ಶುಕ್ರವಾರ ಹತ್ತು ಗಂಟೆಗೆ ಕಂಪನಿಯಿಂದ ಪ್ರಿಯಾ ಎಂಬಾಕೆ ಇಬ್ಬರನ್ನು ಕರೆದುಕೊಂಡು ಬಂದರು. ಜಟ್ಟೆಮ್ಮ ನಿಂಬೆ ಹಿಂಡಿ, ಮೂಸಿ ಪರೀಕ್ಷೆ ಮಾಡಿ ಹೂಂ ಎಂದ ಕರಿ ಬೆಲ್ಲ, ಕೊನೆಯ ಡಬ್ಬಿಯ ಪುಡಿ. ಜಗದೀಶ್ ಬೋಲ್ಟು ಬಿಗಿಸಿ, ಗುಂಡಮ್ಮನ ಬೆನ್ನು ತಟ್ಟಿ, "ಮಾನ ಉಳಿಸಮ್ಮ ತಾಯಿ" ಎಂದು ಪಿಸುಗುಟ್ಟಿದ. ಹತ್ತು ನಿಮಿಷ ಮುಳ್ಳು ಸುಮ್ಮನಿತ್ತು. ಹದಿನೈದು ನಿಮಿಷ. ಪ್ರಿಯಾ ವಾಚು ನೋಡಿಕೊಂಡರು. ಜಗದೀಶನ ಅಂಗಿ ಬೆನ್ನಿಗೆ ಅಂಟಿತು.

"ಇಳೀತು!" ಎಂದು ಮೊದಲು ಕೂಗಿದವಳು ಜಟ್ಟೆಮ್ಮ. ಮುಳ್ಳು ಒಂದು ಗೀಟು ಸರಿಯಿತು, ಇನ್ನೊಂದು ಸರಿಯಿತು, ಆಮೇಲೆ ನಿಲ್ಲಲೇ ಇಲ್ಲ. ನಂದಿತಾ ಅತಿಥಿಗಳಿದ್ದಾರೆ ಎಂಬುದನ್ನೂ ಮರೆತು ಚಪ್ಪಾಳೆ ತಟ್ಟಿದರು.

"ಇದುವರೆಗೆ ಫೇಲ್ ಆಗಿದ್ದಿದ್ಯಾ?" ಎಂದರು ಪ್ರಿಯಾ.

"ಎರಡು ಸಲ ಆಗಿದೆ ಮೇಡಂ, ಎರಡೂ ನನ್ನಿಂದ," ಎಂದು ಜಗದೀಶ್ ಹಳದಿ ಬೆಲ್ಲದ ಕಥೆಯನ್ನೆಲ್ಲ ಹೇಳಿಬಿಟ್ಟ. "ಕಂಡುಹಿಡಿದಿದ್ದು ಇವರು, ಜಟ್ಟೆಮ್ಮ."

ಪ್ರಿಯಾ ನಕ್ಕರು. ಆರ್ಡರ್ ಕೊಡುತ್ತೇವೆ, ಆದರೆ ಪ್ರತಿ ಮೂಟೆ ಬೆಲ್ಲವನ್ನೂ ಇವರೇ ಪರೀಕ್ಷಿಸಿ ಸಹಿ ಹಾಕಬೇಕು ಎಂದರು. ನಂದಿತಾ ಅಲ್ಲೇ ಒಂದು ಹೊಸ ನೋಟ್‌ಬುಕ್ ತೆರೆದು, ಮೊದಲ ಸಾಲಿನಲ್ಲಿ ಜಟ್ಟೆಮ್ಮನ ಹೆಸರು ಬರೆದರು. ಜಟ್ಟೆಮ್ಮ ಪೆನ್ನು ಒತ್ತಿ ಒತ್ತಿ, ಪೂರಾ ಹೆಸರು ಬರೆದು ಸಹಿ ಹಾಕಿದಳು. ಆಮೇಲೆ ಗಾಬರಿಯಾಗಿ ತಲೆ ಎತ್ತಿದಳು.

"ಹಂಗಾರ ಪಾತ್ರಿ ತೊಳೆಯೋರು ಯಾರ್ರಿ?"

ಜಗದೀಶ್ ಆಗಲೇ ತೋಳು ಮಡಿಸಿ ಸಿಂಕಿನ ಮುಂದೆ ನಿಂತಿದ್ದ.

"ಅಣ್ಣಾರ," ಎಂದಳು ಜಟ್ಟೆಮ್ಮ ಸ್ಟೂಲಿನ ಮೇಲಿಂದಲೇ, "ನೋಡ್ರಿ ಮತ್ತ, ಬೂದಿ ಹಾಕಿ ತಿಕ್ಕೀರಿ!"