ಕೈಕ್ಲಚ್ಚಿನ ಕಾರಿನ ಇತಿಹಾಸ, ಐನೂರು ಪದ ಮೀರದಂತೆ

೧

ಇದನ್ನು ಎಲ್ಲಿಂದ ಶುರು ಮಾಡಬೇಕೆಂದು ನನ್ನನ್ನು ಕೇಳಬೇಡಿ. ಶುರು ಮಾಡುವ ಜಾಗವನ್ನು ರೇಸಿನ ಅರ್ಜಿ ಫಾರ್ಮಿನವರೇ ಕೊಟ್ಟಿದ್ದಾರೆ. ಹನ್ನೊಂದನೇ ಕಲಂ: "ವಾಹನದ ಇತಿಹಾಸ, ಐನೂರು ಪದ ಮೀರದಂತೆ." ಅದರ ಕೆಳಗೊಂದು ಚೌಕ. ಅಂಗೈ ಇಟ್ಟರೆ ಬೆರಳುಗಳು ಹೊರಗೆ ಬರುವಷ್ಟು ಚಿಕ್ಕದು.

ಅಕ್ಕ ಫಾರ್ಮನ್ನು ನನ್ನ ಮುಂದೆ ಎಸೆದು, "ನೀನು ಕತೆ ಬರೆಯೋನಲ್ವಾ, ಬರಿ" ಅಂದಳು. ಕತೆ ಬರೆಯುವವನ ಕೈಗೆ ಇತಿಹಾಸ ಕೊಡುವುದೆಂದರೆ... (ಇಲ್ಲೊಂದು ಹೋಲಿಕೆ ಬರಬೇಕಿತ್ತು. ಮೂರು ಬರೆದು ಮೂರನ್ನೂ ಹೊಡೆದುಹಾಕಿದ್ದೇನೆ. ನಿಮಗೆ ತೋಚಿದ್ದನ್ನು ಹಾಕಿಕೊಳ್ಳಿ.)

ವಿಷಯ ಇಷ್ಟೇ. ಅಪ್ಪ ಬಿಟ್ಟುಹೋದ ಒಂದು ಹಸಿರು ಸ್ಪೋರ್ಟ್ಸ್ ಕಾರಿದೆ. ಎರಡೇ ಸೀಟು, ಮೇಲೆ ಮುಚ್ಚಿಗೆಯಿಲ್ಲ. ಐವತ್ಮೂರು ವರ್ಷದ ಹಿಂದೆ ಅದು ಒಂದು ರೇಸ್ ಗೆದ್ದಿತ್ತು. ಒಂದೇ ಒಂದು. ಈಗ ಹಳೆಯ ಕಾರುಗಳಿಗೆಂದೇ ರೇಸ್ ನಡೆಯುತ್ತದೆ. ಅದರಲ್ಲಿ ಇದನ್ನು ಓಡಿಸಲೇಬೇಕೆಂದು ಅಕ್ಕನ ಹಟ. ಅಕ್ಕ ಡ್ರೈವಿಂಗ್ ಸ್ಕೂಲ್ ನಡೆಸುತ್ತಾಳೆ. ಬೆಳಗಿನಿಂದ ಸಂಜೆಯವರೆಗೆ "ಕ್ಲಚ್ ನಿಧಾನ ಬಿಡಿ, ನಿಧಾನ, ನಿಧಾನ ಅಂದ್ನಲ್ಲ" ಎಂದು ಹೇಳಿ ಹೇಳಿ ಐವತ್ತಕ್ಕೇ ಗಂಟಲು ಕೆಡಿಸಿಕೊಂಡವಳು. ಪಕ್ಕದಲ್ಲಿ ಯಾರೂ ಇಲ್ಲದೆ, ಯಾರಿಗೂ ಏನೂ ಕಲಿಸದೆ, ಒಬ್ಬಳೇ ಜೋರಾಗಿ ಓಡಿಸಬೇಕೆಂದು ಅವಳಿಗೆ ಅನ್ನಿಸಿದರೆ ತಪ್ಪೇನು?

ತಪ್ಪು ಕಾರಿನಲ್ಲಿದೆ. ಅದಕ್ಕೆ ಕ್ಲಚ್ ಪೆಡಲ್ ಇಲ್ಲ. ಎಡಗಾಲಿಡುವ ಜಾಗ ಖಾಲಿ. ಬದಲಿಗೆ ಗೇರ್ ಕಡ್ಡಿಗೆ ಸೈಕಲ್ ಬ್ರೇಕಿನಂಥ ಒಂದು ಹಿಡಿ, ಅದರಿಂದ ಕೆಳಗಿಳಿದ ಒಂದು ಕೇಬಲ್. ಟೈಪ್‌ರೈಟರ್ ರಿಪೇರಿ ಮಾಡುತ್ತಿದ್ದ ಅಪ್ಪ ತಮ್ಮ ಕೈಯಾರೆ ಮಾಡಿದ್ದು.

೧ (ಮತ್ತೆ)

ಮೊದಲ ಡ್ರಾಫ್ಟ್ ಹೀಗೆ ಶುರುವಾಗಿತ್ತು: "ಅಮ್ಮ ತೀರಿಕೊಂಡ ಮೂರನೇ ವರ್ಷ ಅಕ್ಕ ಶೆಡ್ಡಿನ ಬಾಗಿಲು ತೆಗೆದಳು."

ಒಳ್ಳೆಯ ವಾಕ್ಯ. ತೊಂದರೆ ಏನೆಂದರೆ ಅಮ್ಮ ಬದುಕಿದ್ದಾಳೆ. ಎಪ್ಪತ್ತೆಂಟು ವರ್ಷ. ಪಕ್ಕದ ಕೋಣೆಯಲ್ಲಿ ಭೂತಗನ್ನಡಿ ಹಿಡಿದು ಪೇಪರ್ ಓದುತ್ತಿರುತ್ತಾಳೆ. ತೀರಿಕೊಂಡದ್ದು ಅಪ್ಪ, ಆರು ವರ್ಷದ ಹಿಂದೆ. ಆದರೆ ಅಪ್ಪನನ್ನು ಹಾಕಿದರೆ ವಾಕ್ಯ ಮೇಲೇಳುವುದಿಲ್ಲ, ಪ್ರಯತ್ನಿಸಿ ನೋಡಿದ್ದೇನೆ. ಅಮ್ಮ ಪೇಪರ್ ಮುಗಿಸಿ ನನ್ನ ಹಾಳೆಗೆ ಬಂದಳು.

"ನನ್ನನ್ನ ಯಾಕೋ ಸಾಯಿಸಿದ್ದೀಯ?"

"ಕತೆಗೆ ಬೇಕಿತ್ತಮ್ಮ."

"ಕತೆಗೆ ಬೇಕಿದ್ರೆ ನೀನೇ ಸಾಯಿ. ಬರೆಯೋನು ಸತ್ರೆ ಓದೋಕೆ ಇನ್ನೂ ಚೆನ್ನಾಗಿರುತ್ತೆ."

(ವಿಮರ್ಶಕರೂ ಬಹಳ ವರ್ಷದಿಂದ ಹೆಚ್ಚುಕಡಿಮೆ ಅದನ್ನೇ ಹೇಳುತ್ತಿದ್ದಾರೆ.)

೨

ಕಾರುಗಳನ್ನು ಪರೀಕ್ಷಿಸಿ ಸಹಿ ಹಾಕುವ ತಪಾಸಣಾಧಿಕಾರಿಗೆ ಅಕ್ಕ ಇಟ್ಟ ಹೆಸರು ಟಾರ್ಚ್ ಸಾಹೇಬರು. ಹಗಲು ಹನ್ನೆರಡು ಗಂಟೆಗೂ ಕೈಯಲ್ಲಿ ಟಾರ್ಚ್ ಹಿಡಿದೇ ಇರುತ್ತಾರೆ. ಮೊದಲ ಸಲ ಕಾರು ಒಯ್ದಾಗ ಅವರು ಬಾಗಿಲಿಂದ ತಲೆ ಒಳಗೆ ಹಾಕಿ, ಐದು ನಿಮಿಷ ಹೊರಗೆ ತೆಗೆಯಲಿಲ್ಲ.

"ಪೆಡಲ್ ಎಲ್ಲಿ?"

"ಇಲ್ಲ ಸಾರ್" ಎಂದಳು ಅಕ್ಕ.

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ."

ತಲೆ ಹೊರಬಂತು. "ನೋಡಿಮ್ಮ, ನಿಯಮ ಸುಲಭ. ಆ ಕಾಲದ ರೇಸಿನಲ್ಲಿ ಕಾರು ಹೇಗೆ ಓಡಿತ್ತೋ ಈಗಲೂ ಹಾಗೇ ಇರಬೇಕು. ಆಗಲೇ ಮಾರ್ಪಾಡು ಮಾಡಿ, ಹಾಗೇ ಓಡಿಸಿದ್ರೆ ನನ್ನ ತಕರಾರಿಲ್ಲ. ಆಮೇಲೆ ಯಾವಾಗಲೋ ಮಾಡಿದ್ರೆ ಅದು ಅರ್ಹ ಅಲ್ಲ. ಇದು ಯಾವಾಗ ಹಾಕಿದ್ದು?"

"ಆಗಲೇ."

"ಪುರಾವೆ?"

ಅಕ್ಕ ನನ್ನ ಮುಖ ನೋಡಿದಳು. ನಾನು ಕಾರಿನ ಮುಖ ನೋಡಿದೆ.

"ಇಲ್ಲಾಂದ್ರೆ ಒಂದು ಪೆಡಲ್ ಹಾಕಿಸ್ಕೊಂಡು ಬನ್ನಿ. ಅವತ್ತೇ ಸಹಿ ಹಾಕ್ತೀನಿ" ಎಂದರು ಟಾರ್ಚ್ ಸಾಹೇಬರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅದೇ ಅಕ್ಕನಿಗೆ ಹೆಚ್ಚು ಉರಿದದ್ದು.

ಓದುಗರೇ, ತಲೆ ನೆಟ್ಟಗಿರುವ ಯಾರಾದರೂ ಇಲ್ಲಿಗೆ ಪೆಡಲ್ ಹಾಕಿಸಿ ಕತೆ ಮುಗಿಸುತ್ತಿದ್ದರು. ನಾನೂ ಹಾಗೇ ಮುಗಿಸಿದ್ದೆ. ಅಕ್ಕ ಓದಿ ಹಾಳೆ ಹರಿದಳು.

"ಪೆಡಲ್ ಹಾಕಿದ್ರೆ ಅದು ಯಾರದೋ ಕಾರು. ಅಂಥವು ಅಲ್ಲಿ ಸಾಲಾಗಿ ನಿಂತಿವೆ. ನನಗೆ ಅಪ್ಪನ ಕಾರು ಓಡಿಸಬೇಕು."

"ಅದು ನನ್ನ ಕತೆಯ ಅಂತ್ಯ, ನೀನು ಹರಿಯೋ ಹಾಗಿಲ್ಲ."

"ಅದು ನನ್ನ ಕಾರು. ನೀನು ಮುಗಿಸೋ ಹಾಗಿಲ್ಲ."

೩

ಎರಡನೇ ಡ್ರಾಫ್ಟಿನಲ್ಲಿ ಅಪ್ಪನನ್ನು ನಾಯಕನನ್ನಾಗಿ ಮಾಡಿದೆ. ಕಾಲಿಗಿಂತ ಕೈ ಚುರುಕು ಎಂದು ಕಂಡುಕೊಂಡ ಮೇಧಾವಿ, ಗೇರ್ ಬದಲಿಸುವುದರಲ್ಲಿ ಅರ್ಧ ಸೆಕೆಂಡ್ ಉಳಿಸಿ ರೇಸ್ ಗೆದ್ದ ಟೈಪ್‌ರೈಟರ್ ಮೆಕ್ಯಾನಿಕ್. ಚಿಕ್ಕಂದಿನಲ್ಲಿ ಆ ಹಿಡಿ ಯಾಕೆ ಎಂದು ನಾವು ಕೇಳಿದಾಗ ಅಪ್ಪ ಹೇಳುತ್ತಿದ್ದದ್ದೂ ಅಷ್ಟೇ: "ಕೈ ಬೇಗ." ಅದರ ಮೇಲೆ ಇನ್ನೊಂದು ಮಾತು ಹೊರಡುತ್ತಿರಲಿಲ್ಲ. ಗೆದ್ದ ಕಪ್ಪನ್ನು ಅಂಗಡಿಯಲ್ಲಿ ಸ್ಪ್ರಿಂಗು, ಸ್ಕ್ರೂ ತುಂಬಿಡಲು ಇಟ್ಟುಕೊಂಡಿದ್ದರು. ಎಷ್ಟು ವಿನಯ ಎಂದುಕೊಂಡಿದ್ದೆವು ನಾವು.

ಈ ಡ್ರಾಫ್ಟನ್ನು ಊಟದ ಮೇಜಿನ ಮುಂದೆ ಕೂತು ಗಟ್ಟಿಯಾಗಿ ಓದಿದೆ. ಅಮ್ಮ ಅರ್ಧದವರೆಗೆ ಸಹಿಸಿಕೊಂಡಳು.

"ಬೇಗ ಅಂತೆ, ಬೇಗ! ನಿಮ್ಮಪ್ಪನಿಗೆ ರಿವರ್ಸೇ ನೆಟ್ಟಗೆ ಬರ್ತಿರ್ಲಿಲ್ಲ."

"ಅಮ್ಮ, ರೇಸ್ ಗೆದ್ದಿದ್ದು ಅಪ್ಪ" ಅಂದಳು ಅಕ್ಕ.

"ಗೆದ್ದಿದ್ದು ನಾನು."

ಅಕ್ಕನ ಕೈಯಲ್ಲಿದ್ದ ತಟ್ಟೆ ಮೇಜಿಗೆ ಇಳಿಯಲೂ ಇಲ್ಲ, ಮೇಲೇಳಲೂ ಇಲ್ಲ.

(ಇಲ್ಲಿ ನಾನು ಒಂದು ಪುಟ ಮೌನ ಬರೆದಿದ್ದೆ. ತೆಗೆದಿದ್ದೇನೆ. ನಿಜವಾಗಿ ಮೌನವೇನೂ ಇರಲಿಲ್ಲ; ನಾವಿಬ್ಬರೂ ಒಟ್ಟಿಗೇ ಕಿರುಚಿದೆವು.)

ಅಮ್ಮನ ಎಡಗಾಲು ಮಂಡಿಯಲ್ಲಿ ಬಗ್ಗುವುದಿಲ್ಲ. ಏಳು ವರ್ಷದವಳಿದ್ದಾಗ ಮೆಟ್ಟಿಲಿನಿಂದ ಬಿದ್ದದ್ದು. ಅವಳು ನಡೆಯುವುದನ್ನು ನೋಡುತ್ತಲೇ ನಾವು ಬೆಳೆದೆವು, ಕಾರಿನ ಆ ಖಾಲಿ ಜಾಗವನ್ನೂ ನೋಡುತ್ತಲೇ ಬೆಳೆದೆವು. ಎರಡನ್ನೂ ಸೇರಿಸಿ ನೋಡುವಷ್ಟು ಬುದ್ಧಿ ಮಾತ್ರ ಇಬ್ಬರಿಗೂ ಬರಲಿಲ್ಲ. ಅದಕ್ಕಾಗಿ ನನ್ನ ಮೇಲೆ ನನಗೆ ಈಗಲೂ ಸಿಟ್ಟಿದೆ. ಕತೆಗಾರನಂತೆ!

"ರೇಸಿನ ಡಾಕ್ಟರು ಈ ಕಾಲು ನೋಡಿದ್ರೆ ಒಳಗೇ ಬಿಡ್ತಿರ್ಲಿಲ್ಲ" ಎಂದಳು ಅಮ್ಮ. "ಅದಕ್ಕೆ ನಿಮ್ಮಪ್ಪ ತಮ್ಮ ಹೆಸರು ಕೊಟ್ರು. ಹೆಲ್ಮೆಟ್ಟು, ಗಾಗಲ್ಸು, ಮೂಗಿನ ತನಕ ಸ್ಕಾರ್ಫು. ಕಾರಲ್ಲಿ ಕೂತ ಮೇಲೆ ಕುಂಟು ಯಾರಿಗೆ ಕಾಣುತ್ತೆ? ಮುಗಿದ ಮೇಲೆ ಟೆಂಟಿನ ಹಿಂದೆ ಹೆಲ್ಮೆಟ್ ಅವರಿಗೆ ಕೊಟ್ಟೆ. ಹೋಗಿ ಕಪ್ ಇಸ್ಕೊಂಡ್ ಬಂದ್ರು."

"ಇಷ್ಟು ವರ್ಷ ಯಾಕಮ್ಮ ಹೇಳಲಿಲ್ಲ?"

"ನೀವು ಕೇಳಿದ್ದು ಯಾವಾಗಲೂ ಅವರನ್ನ. ನನ್ನನ್ನ ಯಾರು ಕೇಳಿದ್ರಿ?"

೪

ಪುರಾವೆ ಬೇಕಿತ್ತು, ಸಿಕ್ಕಿತು. ಆ ರೇಸಿನ ಒಂದೇ ಫೋಟೋ ಮನೆಯ ಗೋಡೆಯ ಮೇಲಿದೆ. ಕಾರು ಗೆರೆ ದಾಟುತ್ತಿರುವುದು, ಓಡಿಸುವವರ ಬಲಗೈ ಸ್ಟೀರಿಂಗ್ ಮೇಲೆ, ಎಡಗೈ ಕೆಳಗೆ. ಅದನ್ನು ಇಳಿಸಿಕೊಂಡು, ಅಮ್ಮನ ಕಾಲಿನ ಹಳೆಯ ಆಸ್ಪತ್ರೆ ಚೀಟಿ ಹುಡುಕಿ ತೆಗೆದು, ನಾವು ಮೂವರೂ ಟಾರ್ಚ್ ಸಾಹೇಬರ ಮುಂದೆ ನಿಂತೆವು. ಫೋಟೋದ ಅಂಚಿನಲ್ಲಿ, ಹಗ್ಗದ ಆಚೆ, ಪೇಪರಿನಲ್ಲಿ ಅರ್ಧ ಮುಖ ಮುಚ್ಚಿಕೊಂಡ ಒಬ್ಬ ಮನುಷ್ಯ. ಕಿವಿಯ ಹಿಂದೆ ಸಣ್ಣ ಸ್ಕ್ರೂಡ್ರೈವರ್.

"ಇವರು ನಮ್ಮನೆಯವರು" ಎಂದು ಅಮ್ಮ ಬೆರಳಿಟ್ಟಳು. "ಸ್ನಾನಕ್ಕೆ ಹೋದಾಗ್ಲೂ ಅದನ್ನ ತೆಗೀತಿರ್ಲಿಲ್ಲ."

ಟಾರ್ಚ್ ಸಾಹೇಬರು ಟಾರ್ಚ್ ಹಾಕಿ ನೋಡಿದರು. ಅಪ್ಪನ ಬೇರೆ ಫೋಟೋಗಳನ್ನು ತರಿಸಿಕೊಂಡು ಹೋಲಿಸಿದರು. ಆಸ್ಪತ್ರೆ ಚೀಟಿ ಎರಡು ಸಲ ಓದಿದರು. ಆಮೇಲೆ ಅಮ್ಮನಿಗೆ ಕುರ್ಚಿ ಹಾಕಿಸಿದರು.

"ಹಗ್ಗದ ಆಚೆ ಅವರಿದ್ರೆ ಕಾರಲ್ಲಿ ನೀವಿದ್ರಿ. ನೀವಿದ್ರೆ ಪೆಡಲ್ ಇರೋಕೆ ಸಾಧ್ಯ ಇಲ್ಲ. ಒಪ್ಪಿದೆ. ಆದ್ರೆ ಇದನ್ನ ನೀವು ಬರೆದು ಸಹಿ ಮಾಡಬೇಕಮ್ಮ. ಅದು ಕಮಿಟಿಗೆ ಹೋಗುತ್ತೆ. ಹೋದ್ರೆ ದಾಖಲೆ ಪುಸ್ತಕದಲ್ಲಿ ನಿಮ್ಮ ಯಜಮಾನರ ಹೆಸರು ಹೊಡೆದುಹಾಕ್ತಾರೆ."

"ನನ್ನ ಹೆಸರು ಹಾಕ್ತಾರಾ?"

"ಇಲ್ಲ. ನೀವು ಅರ್ಜಿ ಹಾಕಿರಲಿಲ್ಲವಲ್ಲ."

"ಮತ್ತೆ ಯಾರು ಗೆದ್ದಂಗಾಯ್ತು?"

"ಎರಡನೇ ಜಾಗದಲ್ಲಿ ಬಂದೋರು."

"ಅವನಾ?" ಅಮ್ಮ ಕುರ್ಚಿಯಿಂದ ಎದ್ದೇಬಿಟ್ಟಳು. "ಅವನು ಒಂದು ಸುತ್ತು ಹಿಂದಿದ್ದ!"

ಎಪ್ಪತ್ತೆಂಟು ವರ್ಷದ ಮುದುಕಿಯ ಮುಖದಲ್ಲಿ ನಾನು ಅಂಥ ಕೋಪವನ್ನು ನೋಡಿರಲಿಲ್ಲ. ಐವತ್ಮೂರು ವರ್ಷ ಬೇಳೆ ಬೇಯಿಸುತ್ತಾ, ನಮ್ಮ ಹೋಂವರ್ಕ್ ನೋಡುತ್ತಾ, ಆ ಮನುಷ್ಯ ಎಷ್ಟು ಹಿಂದಿದ್ದ ಎಂಬುದನ್ನು ಅವಳು ನೆನಪಿಟ್ಟುಕೊಂಡಿದ್ದಳು.

ಅಕ್ಕ ಅವಳ ಭುಜ ಹಿಡಿದಳು. "ಬೇಡಮ್ಮ. ಸಹಿ ಮಾಡಬೇಡ. ಪೆಡಲ್ ಹಾಕಿಸ್ತೀನಿ."

"ಎರಡು ತಿಂಗಳಿಂದ ಬೇಕು ಬೇಕು ಅಂತ ಪ್ರಾಣ ತಿಂದು ಈಗ ಬೇಡ ಅಂತೀಯಾ?"

"ಅಪ್ಪನ ಹೆಸರು ಹೋಗುತ್ತಮ್ಮ."

"ನಿಮ್ಮಪ್ಪ ಒಂದು ದಿನ ಆ ಕಪ್ಪನ್ನ ನೆಟ್ಟಗೆ ನೋಡಿದ್ದು ನಾನು ಕಾಣೆ. ಯಾರಾದ್ರೂ ರೇಸಿನ ಮಾತೆತ್ತಿದ್ರೆ ಎದ್ದು ಹೋಗೋರು. ವಾಪಸ್ ಕೊಟ್ಟುಬಿಡೋಣ ಅಂತ ಎಷ್ಟು ಸಲ ಹೇಳಿದ್ರು. ನಾನೇ ಬಿಡಲಿಲ್ಲ." ಅಮ್ಮ ಕೂತಳು. "ಹೊಡೆದುಹಾಕಲಿ. ಅವರಿಗೇ ಹಗುರ. ಎಲ್ಲಿ ಪೆನ್ನು?"

"ರೇಸೇ ಸುಳ್ಳಾದ ಮೇಲೆ ಕಾರು ಓಡಿದ್ದು ಲೆಕ್ಕಕ್ಕೆ ಬರುತ್ತಾ ಸಾರ್?" ಎಂದು ನಾನು ಕೇಳಿದೆ. (ಕೇಳಬಾರದಿತ್ತು. ಅಕ್ಕ ಕಾಲು ತುಳಿದಳು.)

"ಕಾರು ಓಡಿದ್ದು ಓಡಿದ್ದೇ. ಅದೇನೂ ಸುಳ್ಳು ಹೇಳಲಿಲ್ಲ" ಎಂದು ಟಾರ್ಚ್ ಸಾಹೇಬರು ತಮ್ಮ ಪೆನ್ನನ್ನೇ ಕೊಟ್ಟರು.

ಅಮ್ಮ ಸಹಿ ಮಾಡಿದಳು. ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ.

೫

ಇಲ್ಲಿಂದ ಕಮಿಟಿಯ ಉತ್ತರ ಬರುವವರೆಗೆ ಮೂರು ವಾರ ಇತ್ತು. ನಾನು ಸುಮ್ಮನಿರಲಾರದೆ ಎರಡು ಅಂತ್ಯ ಬರೆದೆ.

(ಅ) ಕಾರು ಅರ್ಹ. ಅಕ್ಕ ಗೆಲ್ಲುತ್ತಾಳೆ. ಅಮ್ಮ ಹಗ್ಗದ ಆಚೆ ನಿಂತು ಕಣ್ಣೊರೆಸಿಕೊಳ್ಳುತ್ತಾಳೆ.

ಅಮ್ಮ: "ನಾನ್ಯಾಕೆ ಹಗ್ಗದ ಆಚೆ?"

(ಆ) ಕಾರು ಅನರ್ಹ. ಮೂವರೂ ಕಾರನ್ನು ತಳ್ಳಿಕೊಂಡು ಮನೆಗೆ ಬರುತ್ತಾರೆ. ಯಾರೂ ಮಾತಾಡುವುದಿಲ್ಲ.

ಅಕ್ಕ: "ತಳ್ಳೋದು ಯಾಕೆ? ಅದು ಓಡುತ್ತಲ್ಲ."

ಕತೆಯೊಳಗಿನವರು ಹೀಗೆ ಹಾಳೆ ಇಸಿದುಕೊಂಡು ಓದತೊಡಗಿದರೆ ಯಾವ ಲೇಖಕನಾದರೂ ಬಾಳಿಯಾನೇ?

೬

ಉತ್ತರ ಬಂದದ್ದು ಹೀಗೆ. ಇದನ್ನು ನಾನು ಬರೆದದ್ದಲ್ಲ. ಇಂಥದನ್ನು ಬರೆಯುವ ಧೈರ್ಯ ನನಗಿಲ್ಲ.

"ವಾಹನವು ಕೈಕ್ಲಚ್ ಸಹಿತ ಅರ್ಹವೆಂದು ಪರಿಗಣಿಸಲಾಗಿದೆ. ಸದರಿ ಸಾಧನವು ಚಾಲಕರ ದೈಹಿಕ ಅಗತ್ಯಕ್ಕಾಗಿ ಅಳವಡಿಸಿದ್ದಾಗಿರುವುದರಿಂದ, ಅಂಥ ಅಗತ್ಯವುಳ್ಳ ಚಾಲಕರು ಮಾತ್ರ ಸದರಿ ವಾಹನವನ್ನು ಸ್ಪರ್ಧೆಯಲ್ಲಿ ಚಲಾಯಿಸತಕ್ಕದ್ದು."

ಅಕ್ಕ ಮೂರು ಸಲ ಓದಿದಳು. ಆಮೇಲೆ ತನ್ನ ಎಡಗಾಲನ್ನು, ದಿನಕ್ಕೆ ಸಾವಿರ ಸಲ ಕ್ಲಚ್ ಒತ್ತುವ ಆ ಗಟ್ಟಿಮುಟ್ಟಾದ ಕಾಲನ್ನು, ಶತ್ರುವನ್ನು ನೋಡುವಂತೆ ನೋಡಿದಳು. ಟಾರ್ಚ್ ಸಾಹೇಬರಿಗೆ ಫೋನ್ ಮಾಡಿ ಹತ್ತು ನಿಮಿಷ ಕೂಗಾಡಿದಳು. ಆ ಕಡೆಯಿಂದ ಬಂದದ್ದು ಒಂದೇ ಮಾತು, ಅಳುವ ದನಿಯಲ್ಲಿ: "ನಾನೇನು ಮಾಡ್ಲಿಮ್ಮ, ನಾನು ಕಾರು ನೋಡೋನು. ಕಾಲು ನೋಡೋರು ಬೇರೆ."

ಫೋನಿಟ್ಟು ಸೋಫಾದ ಮೇಲೆ ಬಿದ್ದುಕೊಂಡಳು. ಅತ್ತಳು ಕೂಡ. ಅದನ್ನು ಬರೆಯಬೇಡ ಎಂದಿದ್ದಾಳೆ, ಬರೆದಿದ್ದೇನೆ.

ಅಮ್ಮ ಪತ್ರವನ್ನು ಭೂತಗನ್ನಡಿಯಲ್ಲಿ ಓದಿ ಮಡಚಿಟ್ಟಳು. ಆಮೇಲೆ ನನ್ನ ಕಡೆ ತಿರುಗಿ, "ಆ ನಿಯಮದ ಪುಸ್ತಕದಲ್ಲಿ ವಯಸ್ಸು ಎಷ್ಟರ ತನಕ ಅಂತಿದೆ ನೋಡು" ಎಂದಳು.

ನಾನು ಅರವತ್ತನಾಲ್ಕು ಪುಟ ನೋಡಿದೆ. ಹದಿನೆಂಟು ದಾಟಿರಬೇಕು ಎಂದಿದೆ. ಯಾವಾಗ ನಿಲ್ಲಿಸಬೇಕು ಎಂದು ಎಲ್ಲೂ ಇಲ್ಲ. ಡಾಕ್ಟರು ಒಪ್ಪಬೇಕು, ಲೈಸೆನ್ಸ್ ಇರಬೇಕು.

"ಲೈಸೆನ್ಸ್ ಆಗಲೂ ಇರಲಿಲ್ಲ" ಎಂದಳು ಅಮ್ಮ.

"ಅಮ್ಮ, ಈ ಸಲ ಬೇಕು" ಎಂದಿತು ಸೋಫಾದ ಮೇಲಿನ ದನಿ. ಅಕ್ಕ ಎದ್ದು ಕೂತಿದ್ದಳು. ಮೂಗು ಒರೆಸಿಕೊಂಡು, ತನ್ನ ಸ್ಕೂಲಿನ ಡೈರಿ ತೆಗೆದು, ಯಾವ ದಿನ ಯಾವ ಗಂಟೆ ಖಾಲಿಯಿದೆ ಎಂದು ನೋಡತೊಡಗಿದಳು. "ಪಕ್ಕದಲ್ಲಿ ಕೂತ್ಕೋತೀನಿ. ಬಾಯಿ ಬಿಡಲ್ಲ."

ಆಮೇಲೇನಾಯಿತು ಎಂದು ಕೇಳಬೇಡಿ. ಇವತ್ತು ಮಂಗಳವಾರ, ಡಾಕ್ಟರನ್ನು ಕಾಣಬೇಕಾದದ್ದು ಗುರುವಾರ. ಅವರು ನಕ್ಕು ಕಳಿಸಬಹುದು, ಕಳಿಸದೆಯೂ ಇರಬಹುದು. ನಾನಂತೂ ಇನ್ನು ಯಾವ ಅಂತ್ಯವನ್ನೂ ಬರೆಯುವುದಿಲ್ಲ. ಬರೆದರೂ ಈ ಮನೆಯಲ್ಲಿ ಅದಕ್ಕೆ ಸಹಿ ಸಿಗುವುದಿಲ್ಲ. ಮೇಜಿನ ಆ ತುದಿಯಲ್ಲಿ ಅಮ್ಮ ವೈದ್ಯಕೀಯ ಫಾರ್ಮ್ ತುಂಬುತ್ತಿದ್ದಾಳೆ. ನಾಲ್ಕನೇ ಕಲಮಿನಲ್ಲಿ ಪೆನ್ನು ನಿಂತಿದೆ.

"ಎತ್ತರ ಕೇಳಿದ್ದಾರೆ ಕಣೋ" ಎನ್ನುತ್ತಿದ್ದಾಳೆ. "ಆಗಿಂದು ಬರೀಲಾ, ಈಗಿಂದಾ?"